ಗದ್ದುಗೆ ಹತ್ತಿರ ಬಂದಾಗ ಪಾಪ್ಯುಲಿಸ್ಟ್ ಪಕ್ಷಗಳ ಮಾತು ಯಾಕೆ ಬದಲಾಗುತ್ತದೆ?

ಓದುಗರ ಪ್ರಶ್ನೆ: ವಿರೋಧ ಪಕ್ಷದಲ್ಲಿದ್ದಾಗ “ಇವರೆಲ್ಲ ಕಳ್ಳರು, ಜನರ ಪರ ನಾವೊಬ್ಬರೇ” ಅಂತ ಕೂಗುವ ಪಕ್ಷಗಳು ಅಧಿಕಾರ ಹತ್ತಿರ ಬಂದ ಕೂಡಲೇ ಮೆತ್ತಗಾಗುತ್ತವೆ. ಇಟಲಿಯ ಮೆಲೋನಿ, ನೆದರ್ಲೆಂಡ್ಸ್‌ನ ವಿಲ್ಡರ್ಸ್, ಫ್ರಾನ್ಸ್‌ನ ಲೆ ಪೆನ್ ಎಲ್ಲರ ವಿಷಯದಲ್ಲೂ ಇದನ್ನೇ ಓದಿದೆ. ಇದು ನಿಜವಾದ ಬದಲಾವಣೆಯಾ, ಬರೀ ನಾಟಕವಾ? ಸಾಮಾನ್ಯ ಮತದಾರರು ವ್ಯತ್ಯಾಸ ಗುರುತಿಸುವುದು ಹೇಗೆ? ಹೀಗೆ ಮಾತು ಬದಲಿಸಿದವರನ್ನು ಮತದಾರರು ಶಿಕ್ಷಿಸುತ್ತಾರಾ?

ಉತ್ತರ: ಮಾತು ಬದಲಾಗುವುದು ನಿಜ. ಆದರೆ ಎಲ್ಲ ಮಾತೂ ಬದಲಾಗುವುದಿಲ್ಲ. ಯಾವುದು ಬದಲಾಗುತ್ತದೆ ಎನ್ನುವುದು ನಾಯಕರ ಮನಸ್ಸಿಗಿಂತ ಜಾಸ್ತಿ ಅವರ ಸುತ್ತ ಇರುವವರನ್ನು ಅವಲಂಬಿಸಿದೆ. ಸರ್ಕಾರ ರಚಿಸಲು ಯಾರ ಬೆಂಬಲ ಬೇಕು? ಸಾಲ ಕೊಡುವವರು ಯಾರು? ಕೋರ್ಟ್ ಎಷ್ಟು ಗಟ್ಟಿಯಾಗಿದೆ? ‘ಇದು ಆಗಲ್ಲ’ ಅಂತ ಹೇಳಿ ನಿಲ್ಲಿಸುವ ಶಕ್ತಿ ಯಾರಿಗಿದೆ? ಇಷ್ಟು ಗೊತ್ತಾದರೆ, ಪಕ್ಷ ಯಾವ ಮಾತನ್ನು ನುಂಗುತ್ತದೆ, ಯಾವುದನ್ನು ಇನ್ನೂ ಜೋರಾಗಿ ಹೇಳುತ್ತದೆ ಅಂತ ಬಹುಪಾಲು ಮೊದಲೇ ಊಹಿಸಬಹುದು.

ಪಾಪ್ಯುಲಿಸ್ಟ್ ಅಂದಾಗ ಉಚಿತ ಯೋಜನೆ ಘೋಷಿಸುವ ಪಕ್ಷಗಳ ಬಗ್ಗೆ ನಾನು ಹೇಳುತ್ತಿಲ್ಲ. ಸಮಾಜದಲ್ಲಿ ಇರುವುದು ಎರಡೇ ಗುಂಪು, ಒಂದು ಕಡೆ ಒಳ್ಳೆಯ ಜನ, ಇನ್ನೊಂದು ಕಡೆ ಕೆಟ್ಟುಹೋದ ಮೇಲಿನವರು, ಜನರ ದನಿ ನಾವು ಮಾತ್ರ ಎನ್ನುವ ಪಕ್ಷಗಳು ಇವು. ಈ ಮಾತು ಎಡಕ್ಕೂ ಹೊಂದುತ್ತದೆ, ಬಲಕ್ಕೂ ಹೊಂದುತ್ತದೆ. ಗ್ರೀಸ್‌ನ ಸಿರಿಝಾ ಎಡಪಂಥದ್ದು, ಆಸ್ಟ್ರಿಯಾದ ಫ್ರೀಡಂ ಪಾರ್ಟಿ ಬಲಪಂಥದ್ದು, ಇಟಲಿಯ ಫೈವ್ ಸ್ಟಾರ್ ಮೂವ್‌ಮೆಂಟ್ ತಾನು ಎರಡೂ ಅಲ್ಲ ಎಂದಿತು. ಮೂರೂ ಇದೇ ಅಚ್ಚಿನಲ್ಲಿ ಮಾತಾಡಿದವು.

ಇಂಥ ಪಕ್ಷ ಚಿಕ್ಕದಾಗಿರುವವರೆಗೆ ಕೆಲಸ ಸುಲಭ. ಸಿಟ್ಟಿರುವವರ ಸಿಟ್ಟಿಗೆ ದನಿ ಕೊಟ್ಟರೆ ಸಾಕು. ಗೆಲ್ಲುವ ಅಂದಾಜು ಬಂದ ಮೇಲೆ ಲೆಕ್ಕವೇ ಬೇರೆ. ಇಲ್ಲಿಯವರೆಗೆ ತಮ್ಮನ್ನು ಕಂಡರೆ ಹೆದರುತ್ತಿದ್ದ ಮತದಾರರನ್ನು ಒಲಿಸಬೇಕು, ಕೈಜೋಡಿಸುವ ಪಕ್ಷ ಹುಡುಕಬೇಕು, ಸರ್ಕಾರಿ ಬಾಂಡ್ ಕೊಳ್ಳುವವರು ಗಾಬರಿಯಾಗದ ಹಾಗೆ ನೋಡಿಕೊಳ್ಳಬೇಕು, ಅಕ್ಕಪಕ್ಕದ ದೇಶಗಳಿಗೆ ಧೈರ್ಯ ಹೇಳಬೇಕು. ಇಷ್ಟೆಲ್ಲ ಮಾಡುವಾಗ ಹಳೆಯ ಬೆಂಬಲಿಗರು ‘ಇವರೂ ಅವರ ಹಾಗೇ ಆದರು’ ಅನ್ನಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಾತಿನ ವರಸೆ ಬದಲಾಗುವುದು ಈ ಇಕ್ಕಟ್ಟಿನಿಂದಲೇ.

ಜಾರ್ಜಿಯಾ ಮೆಲೋನಿ ಅವರನ್ನೇ ನೋಡಿ. ಅವರ ಬ್ರದರ್ಸ್ ಆಫ್ ಇಟಲಿ ಪಕ್ಷಕ್ಕೆ 2018ರಲ್ಲಿ ಸಿಕ್ಕಿದ್ದು ಶೇ 4ರ ಆಸುಪಾಸು ಮತ. 2022ರ ಸೆಪ್ಟೆಂಬರ್‌ನಲ್ಲಿ ಶೇ 26. ಅದೇ 2022ರ ಜೂನ್‌ನಲ್ಲಿ ಅವರು ಸ್ಪೇನಿನ ಮಾರ್ಬೆಯಾಗೆ ಹೋಗಿ ಬಲಪಂಥದ ವೋಕ್ಸ್ ಪಕ್ಷದ ಸಭೆಯಲ್ಲಿ ಗಂಟಲು ಹರಿಯುವ ಹಾಗೆ ಭಾಷಣ ಮಾಡಿದ್ದರು: ಸಹಜ ಕುಟುಂಬ ಬೇಕು, ಎಲ್‌ಜಿಬಿಟಿ ಲಾಬಿ ಬೇಡ, ಬ್ರಸೆಲ್ಸ್‌ನಲ್ಲಿ ಕೂತ ಐರೋಪ್ಯ ಒಕ್ಕೂಟದ ಅಧಿಕಾರಿಗಳ ದರ್ಬಾರು ಬೇಡ ಅಂತ. ಜುಲೈನಲ್ಲಿ ಇಟಲಿಯ ಪ್ರಧಾನಿ ಮಾರಿಯೋ ದ್ರಾಗಿ ಅವರ ಸರ್ಕಾರ ಬಿತ್ತು, ಚುನಾವಣೆ ಘೋಷಣೆಯಾಯಿತು. ಆಗಸ್ಟ್‌ನಲ್ಲಿ ಅದೇ ಮೆಲೋನಿ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮೂರು ಭಾಷೆಗಳಲ್ಲಿ ವಿಡಿಯೋ ಮಾಡಿ, ತಗ್ಗಿದ ದನಿಯಲ್ಲಿ, ಇಟಲಿಯ ಬಲಪಂಥ ಫ್ಯಾಸಿಸಂ ಅನ್ನು ಇತಿಹಾಸಕ್ಕೆ ಒಪ್ಪಿಸಿ ದಶಕಗಳೇ ಆದವು ಎಂದರು. ಎರಡು ತಿಂಗಳಲ್ಲಿ ಯಾರ ನಂಬಿಕೆಯೂ ಅಷ್ಟು ಬದಲಾಗುವುದಿಲ್ಲ. ಕೇಳುವವರು ಬದಲಾಗಿದ್ದರು. ಮಾರ್ಬೆಯಾದಲ್ಲಿ ಎದುರಿಗಿದ್ದವರು ಕಾರ್ಯಕರ್ತರು, ವಿಡಿಯೋ ನೋಡಬೇಕಿದ್ದವರು ಬೇರೆ ದೇಶಗಳ ಸರ್ಕಾರಗಳು, ಪತ್ರಿಕೆಗಳು, ಹೂಡಿಕೆದಾರರು.

ಅಧಿಕಾರಕ್ಕೆ ಬಂದ ಮೇಲೆ ಏನಾಯಿತು ಅಂತಲೂ ನೋಡಬೇಕು, ಏಕೆಂದರೆ ಇಲ್ಲೇ ವಿಷಯ ಇರುವುದು. ಹಿಂದೊಮ್ಮೆ ಯೂರೋ ಬಿಟ್ಟು ಹೊರಬರಬೇಕು ಅಂದಿದ್ದ ಮೆಲೋನಿ ಪ್ರಧಾನಿಯಾಗಿ ಆ ಮಾತೇ ಎತ್ತಲಿಲ್ಲ. ಹಣಕಾಸು ಖಾತೆಯನ್ನು ದ್ರಾಗಿ ಸರ್ಕಾರದಲ್ಲೂ ಸಚಿವರಾಗಿದ್ದ ಜಾಂಕಾರ್ಲೋ ಜೋರ್ಜೆತ್ತಿ ಅವರಿಗೆ ಕೊಟ್ಟರು. 2019ರಲ್ಲಿ ಪೆಟ್ರೋಲ್ ಬಂಕ್‌ನಲ್ಲಿ ನಿಂತು ಇಂಧನದ ಮೇಲಿನ ತೆರಿಗೆ ತೆಗೆಯಬೇಕು ಅಂತ ವಿಡಿಯೋ ಮಾಡಿದ್ದವರು, 2023ರ ಶುರುವಿನಲ್ಲಿ ಹಿಂದಿನ ಸರ್ಕಾರ ಕೊಟ್ಟಿದ್ದ ತೆರಿಗೆ ರಿಯಾಯಿತಿಯನ್ನು ಮುಂದುವರಿಸಲಿಲ್ಲ. ವಲಸಿಗರ ದೋಣಿ ತಡೆಯಲು ನೌಕಾಪಡೆಯ ದಿಗ್ಬಂಧನ ಹಾಕುತ್ತೇವೆ ಎಂದಿದ್ದರು, ಅದು ಆಗಲಿಲ್ಲ. 2023ರಲ್ಲಿ ದೋಣಿಯಲ್ಲಿ ಬಂದವರ ಸಂಖ್ಯೆ ಒಂದೂವರೆ ಲಕ್ಷ ದಾಟಿತು. ಅದೇ ಸರ್ಕಾರ 2023ರಿಂದ 2025ರವರೆಗೆ ಐರೋಪ್ಯ ಒಕ್ಕೂಟದ ಹೊರಗಿನ 4,52,000 ಕೆಲಸಗಾರರಿಗೆ ಪರವಾನಗಿ ಕೊಡಲು ತೀರ್ಮಾನಿಸಿತು. ಉದ್ಯಮಗಳಿಗೆ ಕೆಲಸಗಾರರು ಬೇಕಿತ್ತು, ಅಷ್ಟೇ.

ಆದರೆ ಪಕ್ಷದ ಚಿಹ್ನೆಯಲ್ಲಿರುವ ಮೂರು ಬಣ್ಣದ ಜ್ವಾಲೆ ಹಾಗೇ ಉಳಿಯಿತು. ಎರಡನೇ ಮಹಾಯುದ್ಧದ ನಂತರ ಫ್ಯಾಸಿಸ್ಟ್ ಬೆಂಬಲಿಗರು ಕಟ್ಟಿದ ಪಕ್ಷದಿಂದ ಬಂದ ಗುರುತು ಅದು. ತೆಗೆಯಿರಿ ಅಂತ ಕೇಳಿದರೂ ತೆಗೆಯಲಿಲ್ಲ. ಇಟಲಿಯಲ್ಲಿ ಮೊದಲೇ ನಿಷೇಧವಿದ್ದ ಬಾಡಿಗೆ ತಾಯ್ತನವನ್ನು ಇಟಲಿಯವರು ವಿದೇಶಕ್ಕೆ ಹೋಗಿ ಮಾಡಿಸಿಕೊಂಡರೂ ಅಪರಾಧ ಎಂಬ ಕಾನೂನು 2024ರ ಅಕ್ಟೋಬರ್‌ನಲ್ಲಿ ಪಾಸಾಯಿತು. ಅಂದರೆ ಹಣಕ್ಕೆ, ಯೂರೋಗೆ, ವಿದೇಶಾಂಗ ನೀತಿಗೆ ಸಂಬಂಧಿಸಿದ ಮಾತುಗಳು ಕರಗಿದವು. ಕುಟುಂಬ, ದೇಶ, ಗುರುತು ಇವುಗಳ ಮಾತು ಉಳಿಯಿತು.

ಇದು ಮೆಲೋನಿ ಒಬ್ಬರ ಕಥೆ ಅಲ್ಲ. ಮೊದಲು ಬಿದ್ದುಹೋಗುವುದು ಆರ್ಥಿಕ ಭರವಸೆಗಳು. ಕಾರಣ ತುಂಬಾ ಸರಳ, ಅವುಗಳಿಗೆ ‘ಆಗಲ್ಲ’ ಅನ್ನುವವರು ಕೂಡಲೇ ಎದುರಿಗೆ ಬರುತ್ತಾರೆ. ಬಡ್ಡಿ ದರ ಏರುವುದಕ್ಕೆ ಗಂಟೆಗಳು ಸಾಕು. ಇಟಲಿಯಲ್ಲೇ 2018ರಲ್ಲಿ ಫೈವ್ ಸ್ಟಾರ್ ಮತ್ತು ಬಲಪಂಥದ ಲೀಗ್ ಪಕ್ಷ ಸೇರಿ ಸರ್ಕಾರ ರಚಿಸಲು ಹೊರಟಾಗ, ಯೂರೋ ಬಗ್ಗೆ ಕಟುವಾಗಿ ಬರೆದಿದ್ದ ಪಾವ್ಲೋ ಸವೋನಾ ಅವರನ್ನು ಹಣಕಾಸು ಸಚಿವರನ್ನಾಗಿ ಮಾಡಲು ರಾಷ್ಟ್ರಪತಿ ಸೆರ್ಜಿಯೋ ಮತ್ತರೆಲ್ಲಾ ಒಪ್ಪಲೇ ಇಲ್ಲ. ಕೆಲವು ದಿನ ಕೂಗಾಟ ನಡೆಯಿತು, ಕೊನೆಗೆ ಬೇರೆಯವರನ್ನು ತಂದರು. ಆ ಸೆಪ್ಟೆಂಬರ್‌ನಲ್ಲಿ ಬಜೆಟ್ ಕೊರತೆ ಜಿಡಿಪಿಯ ಶೇ 2.4 ಅಂತ ಘೋಷಿಸಿ ಫೈವ್ ಸ್ಟಾರ್‌ನ ಲುಯಿಜಿ ದಿ ಮಾಯೋ ಪ್ರಧಾನಿ ಕಚೇರಿಯ ಬಾಲ್ಕನಿಯಿಂದ ಗೆಲುವಿನ ಕೈ ಬೀಸಿದರು. ಐರೋಪ್ಯ ಆಯೋಗ ಆ ಬಜೆಟ್ಟನ್ನು ವಾಪಸ್ ಕಳಿಸಿತು, ಬಾಂಡ್ ಬಡ್ಡಿ ಏರಿತು, ಡಿಸೆಂಬರ್ ಹೊತ್ತಿಗೆ ಸಂಖ್ಯೆ 2.04 ಆಯಿತು. 2.4 ಮತ್ತು 2.04 ಕಣ್ಣಿಗೆ ಒಂದೇ ಥರ ಕಾಣುತ್ತವೆ ನೋಡಿ, ಸೋತಿದ್ದು ತೀರಾ ಎದ್ದು ಕಾಣಲಿಲ್ಲ.

ಗ್ರೀಸ್‌ನದು ಇದಕ್ಕಿಂತ ನೋವಿನ ಕಥೆ, ಬರೆಯುವಾಗ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. 2012ರಲ್ಲಿ ಸಿರಿಝಾದ ಘೋಷಣೆ, ಯೂರೋಗಾಗಿ ಒಂದು ತ್ಯಾಗವನ್ನೂ ಮಾಡುವುದಿಲ್ಲ ಎಂಬುದು. ಸಾಲದ ಷರತ್ತುಗಳ ಒಪ್ಪಂದವನ್ನು ಹರಿದು ಹಾಕುವ ಮಾತೂ ಇತ್ತು. ಗೆಲುವು ಹತ್ತಿರ ಬಂದ ಹಾಗೆ ಅದು ಸಣ್ಣಗೆ ತಿರುಗಿತು: ಯೂರೋದಲ್ಲೇ ಇರುತ್ತೇವೆ, ಆದರೆ ಮಾತುಕತೆ ಹೊಸದಾಗಿ ನಡೆಸುತ್ತೇವೆ. 2015ರ ಜನವರಿಯಲ್ಲಿ ಶೇ 36.3 ಮತ ಪಡೆದು ಅಲೆಕ್ಸಿಸ್ ಸಿಪ್ರಾಸ್ ಪ್ರಧಾನಿಯಾದರು. ಜೂನ್ ಕೊನೆಯಲ್ಲಿ ಬ್ಯಾಂಕುಗಳು ಮುಚ್ಚಿದವು, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ತೆಗೆಯಬಹುದಿತ್ತು. ಜುಲೈ 5ರ ಜನಮತಗಣನೆಯಲ್ಲಿ ಶೇ 61ಕ್ಕಿಂತ ಹೆಚ್ಚು ಜನ ಸಾಲ ಕೊಟ್ಟವರ ಷರತ್ತಿಗೆ ‘ಬೇಡ’ ಎಂದರು. ಜುಲೈ 13ಕ್ಕೆ ಸಿಪ್ರಾಸ್ ಮೂರನೇ ಸಾಲದ ಒಪ್ಪಂದಕ್ಕೆ ಒಪ್ಪಿದರು, ಷರತ್ತುಗಳು ಕಡಿಮೆಯೇನೂ ಆಗಿರಲಿಲ್ಲ. ಬೇರೆ ದಾರಿ ಇತ್ತೋ ಇಲ್ಲವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಒಂದು ಸತ್ಯ: ಮಾತು ಬದಲಾಗಿದ್ದು ಸಿಪ್ರಾಸ್ ಹೊಸದಾಗಿ ಏನನ್ನೋ ನಂಬಿದ್ದರಿಂದಲ್ಲ, ಬ್ಯಾಂಕುಗಳಿಗೆ ಹಣ ಹರಿಸುವ ನಲ್ಲಿ ಬೇರೆಯವರ ಕೈಯಲ್ಲಿತ್ತು.

ಇದರ ಎದುರಿಗೆ ಧ್ವಜ, ಭಾಷೆ, ವಲಸಿಗರು, ಧರ್ಮ, ಕುಟುಂಬದ ಮಾತುಗಳನ್ನು ಇಟ್ಟು ನೋಡಿ. ಅವುಗಳಿಗೆ ಖಜಾನೆಯಿಂದ ಹೆಚ್ಚು ಹಣ ಹೋಗುವುದಿಲ್ಲ, ಬಾಂಡ್ ಮಾರುಕಟ್ಟೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದ್ದರಿಂದ ಆರ್ಥಿಕ ಮಾತನ್ನು ನುಂಗಿದ ಪಕ್ಷ ಈ ಕಡೆ ಇನ್ನಷ್ಟು ಜೋರು ಮಾಡುವುದುಂಟು. ಒಂದು ಕಡೆ ಕಳೆದುಕೊಂಡಿದ್ದನ್ನು ಇನ್ನೊಂದು ಕಡೆ ತುಂಬಿಸಿಕೊಳ್ಳುವ ಲೆಕ್ಕ. ಸಂವಿಧಾನ ಗಟ್ಟಿಯಾಗಿದ್ದರೆ, ಜೊತೆಗಾರ ಪಕ್ಷ ಹಟ ಹಿಡಿದರೆ ಮಾತ್ರ ಇಲ್ಲೂ ತಡೆ ಬೀಳುತ್ತದೆ.

ಗೀರ್ಟ್ ವಿಲ್ಡರ್ಸ್ ವಿಷಯದಲ್ಲಿ ಆದದ್ದು ಅದೇ. 2023ರ ನವೆಂಬರ್‌ನಲ್ಲಿ ಅವರ ಪಿವಿವಿ ಪಕ್ಷ 150ರಲ್ಲಿ 37 ಸ್ಥಾನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಬಹುಮತಕ್ಕೆ 76 ಬೇಕು. ಕೈಜೋಡಿಸಬೇಕಿದ್ದ ಇನ್ನೊಂದು ಪಕ್ಷದ ನಾಯಕ ಪೀಟರ್ ಒಮ್ಟ್‌ಸಿಖ್ಟ್, ಸಂವಿಧಾನಕ್ಕೆ ವಿರುದ್ಧವಾದ ಪ್ರಸ್ತಾವಗಳಿದ್ದರೆ ಮಾತುಕತೆಯೇ ಇಲ್ಲ ಎಂದರು. ಮಸೀದಿ, ಕುರಾನ್, ಇಸ್ಲಾಮಿಕ್ ಶಾಲೆಗಳನ್ನು ನಿಷೇಧಿಸಬೇಕೆಂದು ವರ್ಷಗಳಿಂದ ಹೇಳುತ್ತಿದ್ದ ವಿಲ್ಡರ್ಸ್, ಅದನ್ನೆಲ್ಲ ಸದ್ಯಕ್ಕೆ ಫ್ರಿಜ್‌ನಲ್ಲಿಡುತ್ತೇವೆ ಎಂದರು. 2024ರ ಜನವರಿಯಲ್ಲಿ ಅಂಥ ಮಸೂದೆಗಳನ್ನು ಸಂಸತ್ತಿನಿಂದ ಹಿಂಪಡೆದರು. ಮಾರ್ಚ್‌ನಲ್ಲಿ ಪ್ರಧಾನಿಯಾಗುವ ಆಸೆಯನ್ನೂ ಬಿಟ್ಟರು, ಜುಲೈನಲ್ಲಿ ಅಧಿಕಾರಿಯಾಗಿದ್ದ ಡಿಕ್ ಸ್ಕೋಫ್ ಪ್ರಧಾನಿಯಾದರು. ಫ್ರಿಜ್‌ನಲ್ಲಿಟ್ಟ ವಸ್ತು ಎಸೆದದ್ದಲ್ಲ ಅಲ್ವಾ? ಆ ಒಂದು ಪದವನ್ನು ಹಳೆಯ ಬೆಂಬಲಿಗರು ‘ಕಾಯಿರಿ’ ಎಂದು ಕೇಳಿಸಿಕೊಂಡರು, ಜೊತೆಗಾರರು ‘ಬಿಟ್ಟರು’ ಎಂದು ಕೇಳಿಸಿಕೊಂಡರು. 2025ರ ಜೂನ್ 3ರಂದು, ಆಶ್ರಯ ನೀತಿ ಸಾಕಷ್ಟು ಕಠಿಣವಾಗಿಲ್ಲ ಅಂತ ವಿಲ್ಡರ್ಸ್ ಬೆಂಬಲ ಹಿಂಪಡೆದು ಸರ್ಕಾರ ಬೀಳಿಸಿದರು.

ಭರವಸೆಯಿಂದ ಹಿಂದೆ ಸರಿಯುವುದಕ್ಕೂ ಒಂದು ಭಾಷೆ ಇದೆ, ಅದನ್ನು ಕಲಿತುಕೊಂಡರೆ ಸುದ್ದಿ ಓದುವುದು ಸುಲಭವಾಗುತ್ತದೆ. ‘ಮಾಡುವುದಿಲ್ಲ’ ಅಂತ ಯಾರೂ ಹೇಳುವುದಿಲ್ಲ. ‘ಮೊದಲು ಖಜಾನೆ ಲೆಕ್ಕ ನೋಡಬೇಕು’ ಅನ್ನುತ್ತಾರೆ. 2024ರ ಜೂನ್‌ನಲ್ಲಿ ಫ್ರಾನ್ಸ್‌ನಲ್ಲಿ ದಿಢೀರ್ ಚುನಾವಣೆ ಘೋಷಣೆಯಾಗಿ ಲೆ ಪೆನ್ ಪಕ್ಷದ ಅಧ್ಯಕ್ಷ ಜೋರ್ದಾನ್ ಬಾರ್ದೆಲ್ಲಾ ಪ್ರಧಾನಿಯಾಗುವ ಸಾಧ್ಯತೆ ಕಂಡಾಗ, ಅವರು ಹೇಳಿದ್ದು ಇದೇ: ದೇಶದ ಹಣಕಾಸಿನ ಲೆಕ್ಕಪರಿಶೋಧನೆ ಮಾಡಿಸುತ್ತೇವೆ. ದಿನಬಳಕೆಯ ಅಗತ್ಯ ವಸ್ತುಗಳ ಮೇಲಿನ ತೆರಿಗೆ ತೆಗೆಯುವುದು ಎರಡನೇ ಹಂತಕ್ಕೆ ಹೋಯಿತು. ಇನ್ನೊಂದು ದಾರಿ, ‘ಇದನ್ನು ಸಂಸತ್ತು ತೀರ್ಮಾನಿಸಲಿ’ ಅನ್ನುವುದು. 2022ರ ರಾಷ್ಟ್ರಪತಿ ಚುನಾವಣೆಗೆ ಮರೀನ್ ಲೆ ಪೆನ್ ಅವರ ಪ್ರಣಾಳಿಕೆಯಲ್ಲಿ ಸಾರ್ವಜನಿಕ ಜಾಗಗಳಲ್ಲಿ ಹಿಜಾಬ್ ನಿಷೇಧ ಇತ್ತು. ಎರಡನೇ ಸುತ್ತಿಗೆ ಮೊದಲು ಅದರ ಬಗ್ಗೆ ಕೇಳಿದಾಗ, ಇದು ಸಂಕೀರ್ಣ ವಿಷಯ, ಸಂಸತ್ತಿನಲ್ಲಿ ಚರ್ಚೆಯಾಗಲಿ ಎಂಬ ಧಾಟಿ ಬಂತು.

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ಮೌನ. ಲೆ ಪೆನ್ 2017ರಲ್ಲಿ ಯೂರೋ ಬಿಡುವ ಮಾತಾಡಿ, ಟಿವಿ ಚರ್ಚೆಯಲ್ಲಿ ಅದನ್ನು ವಿವರಿಸಲಾಗದೆ ಎಡವಿ, ಶೇ 34ರಷ್ಟು ಮತ ಪಡೆದು ಸೋತರು. 2022ರ ಹೊತ್ತಿಗೆ ಆ ಮಾತು ಪ್ರಣಾಳಿಕೆಯಲ್ಲೇ ಇರಲಿಲ್ಲ, ಅದರ ಜಾಗದಲ್ಲಿ ಬೆಲೆ ಏರಿಕೆಯ ಮಾತು ಬಂದಿತ್ತು. ಮತ ಶೇ 41 ದಾಟಿತು. ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷವೂ 2019ರಲ್ಲಿ ಐರೋಪ್ಯ ಒಕ್ಕೂಟ ಬಿಟ್ಟು ಹೊರಬರುವ ಬೇಡಿಕೆಯನ್ನು ಕೈಬಿಟ್ಟಿತು, 2022ರಲ್ಲಿ ಶೇ 20.5 ಮತ ಪಡೆದು ಬಾಹ್ಯ ಬೆಂಬಲದ ಮೂಲಕ ಸರ್ಕಾರದ ನೀತಿ ಬರೆಯುವ ಮೇಜಿಗೆ ಬಂದು ಕೂತಿತು. ಲೆ ಪೆನ್ ವಿಷಯದಲ್ಲಿ ಮರೆಯಬಾರದ ಸಂಗತಿ ಒಂದಿದೆ. ಫ್ರೆಂಚ್ ಪ್ರಜೆಗಳಿಗೇ ಮೊದಲ ಆದ್ಯತೆ, ಅದಕ್ಕಾಗಿ ಜನಮತಗಣನೆ ನಡೆಸಿ ಸಂವಿಧಾನವನ್ನೇ ಬದಲಿಸುವುದು ಎಂಬ ಭಾಗ 2022ರಲ್ಲೂ ಹಾಗೇ ಇತ್ತು. ಬೆಕ್ಕಿನ ಫೋಟೋ, ನಗು, ಮೆದು ದನಿ ಎಲ್ಲ ಟಿವಿಯಲ್ಲಿ ಬಂತು. ಸಂವಿಧಾನದ ವಿಷಯ ಪ್ರಣಾಳಿಕೆ ಓದಿದವರಿಗೆ ಮಾತ್ರ ಕಂಡಿತು.

ಶತ್ರುವಿನ ವಿಷಯಕ್ಕೆ ಬರೋಣ. ಪಾಪ್ಯುಲಿಸ್ಟ್ ಮಾತಿಗೆ ಒಬ್ಬ ಶತ್ರು ಬೇಕೇ ಬೇಕು. ಸರ್ಕಾರವೇ ತಮ್ಮದಾದಾಗ ‘ಮೇಲಿನವರು’ ಯಾರು? ಉತ್ತರ ಎರಡು ಥರ ಬರುತ್ತದೆ. ಒಂದು, ವ್ಯಾಖ್ಯಾನವನ್ನು ಕಿರಿದು ಮಾಡುವುದು. ಅರ್ಜೆಂಟೀನಾದ ಹಾವಿಯೇರ್ ಮಿಲೇ 2023ರ ಪ್ರಚಾರದಲ್ಲಿ ಇಡೀ ರಾಜಕೀಯ ವರ್ಗವನ್ನೇ ‘ಲಾ ಕಾಸ್ತಾ’, ಅಂದರೆ ಸವಲತ್ತು ಉಣ್ಣುವ ಜಾತಿ ಅಂದರು, ಚೈನ್‌ಸಾ ಹಿಡಿದು ಮೆರವಣಿಗೆ ಮಾಡಿದರು. ಮೊದಲ ಸುತ್ತಿನಲ್ಲಿ ಎರಡನೇ ಸ್ಥಾನಕ್ಕೆ ಬಂದ ಕೂಡಲೇ, ತಾವು ಕಟುವಾಗಿ ಆರೋಪ ಮಾಡಿದ್ದ ಪ್ಯಾಟ್ರಿಸಿಯಾ ಬುಲ್‌ರಿಚ್ ಅವರನ್ನೇ ಅಪ್ಪಿಕೊಂಡು ಬೆಂಬಲ ಪಡೆದರು, ಆಮೇಲೆ ಅವರು ಭದ್ರತಾ ಸಚಿವೆಯಾದರು. ದಶಕಗಳ ಕಾಲ ಎದುರಾಳಿ ಪೆರೋನಿಸ್ಟ್ ಪಾಳೆಯದಲ್ಲಿದ್ದ ದಾನಿಯೆಲ್ ಸಿಯೋಲಿ ಕೂಡ ಸರ್ಕಾರದೊಳಗೆ ಬಂದರು. ಅಂದರೆ ನಮ್ಮ ಜೊತೆ ನಿಂತವರು ಕಾಸ್ತಾ ಅಲ್ಲ, ಎದುರು ನಿಂತವರು ಮಾತ್ರ ಕಾಸ್ತಾ. ಸಿರಿಝಾ ಕೂಡ ಹೀಗೇ ಮಾಡಿತು. ಸಾಲ ಕೊಟ್ಟವರ ಎದುರು ಸೋತ ಮೇಲೆ, 2015ರ ಸೆಪ್ಟೆಂಬರ್ ಚುನಾವಣೆಯಲ್ಲಿ ಅದರ ಗುರಿ ದೇಶದೊಳಗಿನ ಹಳೆಯ ಪಕ್ಷಗಳ ಕಡೆ ತಿರುಗಿತು.

ಎರಡನೆಯದು, ಶತ್ರುವನ್ನು ದೂರ ಕಳಿಸುವುದು: ಬ್ರಸೆಲ್ಸ್, ಕೋರ್ಟು, ಕೇಂದ್ರ ಬ್ಯಾಂಕ್, ಎನ್‌ಜಿಒಗಳು, ಪತ್ರಕರ್ತರು, ಸರ್ಕಾರದೊಳಗೇ ಅಡಗಿರುವ ಅಧಿಕಾರಿಗಳು. ಹಂಗೇರಿಯ ವಿಕ್ಟರ್ ಒರ್ಬಾನ್ ಇದರಲ್ಲಿ ಪಳಗಿದವರು. 2010ರಲ್ಲಿ ಮೂರನೇ ಎರಡರಷ್ಟು ಬಹುಮತ ಪಡೆದ ಮೇಲೂ ಅವರ ಮಾತು ವಿರೋಧ ಪಕ್ಷದವರ ಮಾತಿನಂತೆಯೇ ಇತ್ತು, ಬ್ರಸೆಲ್ಸ್ ಮತ್ತು ಎನ್‌ಜಿಒಗಳಿಗೆ ಹಣ ಕೊಡುವ ಶತಕೋಟ್ಯಧಿಪತಿ ಜಾರ್ಜ್ ಸೊರೋಸ್ ವಿರುದ್ಧ. ಎಲ್ಲ ಅಧಿಕಾರ ಕೈಯಲ್ಲಿದ್ದೂ ‘ನಮ್ಮನ್ನು ಕೆಲಸ ಮಾಡಲು ಬಿಡುತ್ತಿಲ್ಲ’ ಎನ್ನುವುದು ನನಗೆ ಈ ಎರಡರಲ್ಲಿ ಹೆಚ್ಚು ಅಪಾಯದ ದಾರಿ ಅನಿಸುತ್ತದೆ. ಕಾಸ್ತಾದ ಪಟ್ಟಿ ಕಿರಿದಾದರೆ ಕೆಲವರು ತಪ್ಪಿಸಿಕೊಳ್ಳುತ್ತಾರೆ, ಅಷ್ಟೇ. ಶತ್ರು ಕೋರ್ಟ್ ಆದರೆ, ಸರ್ಕಾರವನ್ನು ತಡೆಯಬೇಕಾದ ಸಂಸ್ಥೆಯೇ ಜನವಿರೋಧಿ ಎಂಬ ಪಟ್ಟ ಹೊರಬೇಕಾಗುತ್ತದೆ.

ಕೂಡಿಕೆಗೂ ಹೊಸ ಹೆಸರು ಹುಡುಕುತ್ತಾರೆ. ಯಾರ ಜೊತೆಯೂ ಸೇರುವುದಿಲ್ಲ ಎಂದೇ ಬೆಳೆದ ಫೈವ್ ಸ್ಟಾರ್ 2018ರಲ್ಲಿ ಲೀಗ್ ಜೊತೆ ಸೇರಿದಾಗ ಅದನ್ನು ಮೈತ್ರಿ ಎನ್ನಲಿಲ್ಲ, ‘ಒಪ್ಪಂದ ಪತ್ರ’ ಎಂದಿತು. ಮರುವರ್ಷ ತಾನು ಬೈಯುತ್ತಿದ್ದ ಡೆಮಾಕ್ರಟಿಕ್ ಪಾರ್ಟಿ ಜೊತೆ ಸೇರಿತು. 2021ರಲ್ಲಿ ಐರೋಪ್ಯ ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ದ್ರಾಗಿ ಅವರ ಸರ್ಕಾರಕ್ಕೇ ಬೆಂಬಲ ಕೊಟ್ಟಿತು, ಆನ್‌ಲೈನ್ ಮತದಾನದಲ್ಲಿ ಶೇ 59ರಷ್ಟು ಸದಸ್ಯರು ಒಪ್ಪಿದರು.

ಒಂದೇ ಪಕ್ಷ ಎರಡು ದನಿಯಲ್ಲಿ ಮಾತಾಡುವುದೂ ಇದೆ. ಇಟಲಿಯ ಲೀಗ್‌ಗೆ ಇದು ಹಳೆಯ ಅಭ್ಯಾಸ. ಅದರ ಸ್ಥಾಪಕ ಉಂಬೆರ್ತೋ ಬೊಸ್ಸಿ ಕಾಲದಲ್ಲಿ ಪ್ರಧಾನಿ ಬೆರ್ಲುಸ್ಕೋನಿ ಸಂಪುಟದಲ್ಲಿ ಸಚಿವರಾಗಿ ಕೂತವರೇ ಪೊಂತಿದಾದ ಬಯಲಿನ ಸಮಾವೇಶದಲ್ಲಿ ರೋಮ್‌ನ ಕೇಂದ್ರ ಸರ್ಕಾರವನ್ನು ಬೈಯುತ್ತಿದ್ದರು. ಹೋರಾಟದ ಪಕ್ಷವೂ ನಾವೇ, ಸರ್ಕಾರದ ಪಕ್ಷವೂ ನಾವೇ ಎಂಬ ನಿಲುವು. ಕೆಲವು ಕಡೆ ನಾಯಕರು ಸಭ್ಯವಾಗಿ ಮಾತಾಡುತ್ತಾರೆ, ಎರಡನೇ ಸಾಲಿನವರು ಸೋಷಿಯಲ್ ಮೀಡಿಯಾದಲ್ಲಿ ಹಳೆಯ ಮಾತನ್ನೇ ಕೂಗುತ್ತಾರೆ. ಹಾಗಾಗಿ ನಾಯಕರೊಬ್ಬರ ಭಾಷಣ ಮಾತ್ರ ಕೇಳಿ ಪಕ್ಷ ಬದಲಾಯಿತು ಅನ್ನುವುದು ಅವಸರದ ಮಾತು.

ನಿಜವೋ ನಾಟಕವೋ ಎಂಬ ನಿಮ್ಮ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಸಿಗುವುದು ತಡೆಯುವವರು ಯಾರೂ ಇಲ್ಲದ ಕಡೆ. ಪೋಲೆಂಡ್‌ನಲ್ಲಿ 2015ರ ಚುನಾವಣೆಗೆ ಲಾ ಅಂಡ್ ಜಸ್ಟಿಸ್ ಪಕ್ಷ ತನ್ನ ಕಟು ನಾಯಕ ಯಾರೋಸ್ಲಾವ್ ಕಚಿನ್ಸ್ಕಿ ಅವರನ್ನು ಹಿಂದೆ ಸರಿಸಿ, ಮೆದು ಮಾತಿನ ಬೆಯಾಟಾ ಶಿದ್ವೋ ಅವರನ್ನು ಪ್ರಧಾನಿ ಅಭ್ಯರ್ಥಿ ಮಾಡಿತು. ವಿವಾದದ ನಾಯಕ ಅಂತೋನಿ ಮಚೆರೆವಿಚ್ ರಕ್ಷಣಾ ಸಚಿವರಾಗುವುದಿಲ್ಲ, ಯಾರೋಸ್ಲಾವ್ ಗೋವಿನ್ ಆಗುತ್ತಾರೆ ಎಂಬ ಸೂಚನೆಯನ್ನೂ ಪ್ರಚಾರದಲ್ಲೇ ಕೊಟ್ಟರು. ಪಕ್ಷಕ್ಕೆ 460ರಲ್ಲಿ 235 ಸ್ಥಾನ ಬಂತು, ಯಾರ ಹಂಗೂ ಇಲ್ಲದ ಬಹುಮತ. ರಕ್ಷಣಾ ಸಚಿವರಾಗಿದ್ದು ಮಚೆರೆವಿಚ್. ಕೆಲವೇ ವಾರಗಳಲ್ಲಿ ಸಾಂವಿಧಾನಿಕ ನ್ಯಾಯಾಲಯದ ನ್ಯಾಯಾಧೀಶರ ನೇಮಕದ ಮೇಲೆ ಜಗಳ ಶುರುವಾಯಿತು. ವೆನೆಜುವೆಲಾದ ಹ್ಯೂಗೋ ಚಾವೆಜ್ 1998ರಲ್ಲಿ ಪ್ರಚಾರ ಮಾಡುವಾಗ ಖಾಸಗಿ ಹೂಡಿಕೆಗೆ ಹೆದರಿಕೆ ಬೇಡ ಎಂದರು, ಬಂಡವಾಳಶಾಹಿಯೂ ಅಲ್ಲದ, ಸಮಾಜವಾದವೂ ಅಲ್ಲದ ಮೂರನೇ ದಾರಿಯ ಮಾತಾಡಿದರು. ಸಮಾಜವಾದದ ಘೋಷಣೆ ಬಂದಿದ್ದು 2005ರಲ್ಲಿ, ಅಧಿಕಾರ ಗಟ್ಟಿಯಾದ ಮೇಲೆ. 2007ರಲ್ಲಿ ಟೆಲಿಫೋನ್ ಕಂಪನಿ, ವಿದ್ಯುತ್ ಕಂಪನಿ ರಾಷ್ಟ್ರೀಕರಣವಾದವು.

ಹಾಗಂತ ಮೆದುವಾದವರೆಲ್ಲ ಸುಳ್ಳುಗಾರರು ಅಂತಲೂ ನಾನು ಹೇಳಲಾರೆ. ಪೆರುವಿನ ಒಯಾಂತಾ ಹುಮಾಲಾ 2006ರಲ್ಲಿ ಕೆಂಪು ಶರ್ಟ್ ತೊಟ್ಟು, ಚಾವೆಜ್ ಪಕ್ಕ ನಿಂತು ಸೋತರು. 2011ರಲ್ಲಿ ಬಿಳಿ ಶರ್ಟ್ ತೊಟ್ಟು, ಮೊದಲ ಪ್ರಣಾಳಿಕೆಯನ್ನು ಪಕ್ಕಕ್ಕಿಟ್ಟು, ಹೆಚ್ಚು ಮೆದುವಾದ ಹೊಸ ಯೋಜನೆ ಪ್ರಕಟಿಸಿ ಗೆದ್ದರು. ಅಧಿಕಾರದಲ್ಲೂ ಅವರ ಆರ್ಥಿಕ ನೀತಿ ಮೆದುವಾಗಿಯೇ ಉಳಿಯಿತು. ಸಂಸತ್ತಿನಲ್ಲಿ ಅವರಿಗೆ ಸ್ವಂತ ಬಹುಮತ ಇರಲಿಲ್ಲ ಎಂಬುದನ್ನೂ ಸೇರಿಸಿ ನೋಡಬೇಕು.

ಹಾಗಾದರೆ ಮತದಾರರು ಏನು ನೋಡಬೇಕು? ದನಿ ನೋಡಬೇಡಿ, ಬರಹ ನೋಡಿ. ಹಿಂದಿನ ಚುನಾವಣೆಯ ಪ್ರಣಾಳಿಕೆ, ಈ ಸಲದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಸಾಲು ಮಾಯವಾಗಿದೆ, ಯಾವುದು ಭಾಷಣದಲ್ಲಿ ಇಲ್ಲದಿದ್ದರೂ ಬರಹದಲ್ಲಿ ಉಳಿದಿದೆ ಅಂತ ಹುಡುಕಿ. ಅಭ್ಯರ್ಥಿಗಳ ಪಟ್ಟಿಯಲ್ಲಿ ಹೊಸ ಮುಖಗಳಿವೆಯಾ, ಅಥವಾ ಪೋಸ್ಟರ್‌ನಲ್ಲಿ ಮಾತ್ರ ಹೊಸ ಮುಖವಾ? ಹಣಕಾಸು ಮತ್ತು ಗೃಹ ಖಾತೆಗಳು ಯಾರಿಗೆ ಹೋಗುತ್ತವೆ ಎನ್ನುವುದು ಹತ್ತು ಭಾಷಣಕ್ಕಿಂತ ಹೆಚ್ಚು ಹೇಳುತ್ತದೆ. ಪಕ್ಷ ಏನನ್ನಾದರೂ ಕೈಬಿಟ್ಟಿದ್ದರೆ, ಅದನ್ನು ತನ್ನ ಕಾರ್ಯಕರ್ತರ ಮುಂದೆ ನಿಂತು ಹೇಳಿದೆಯಾ, ಅಥವಾ ವಿದೇಶಿ ಪತ್ರಿಕೆಯ ಸಂದರ್ಶನದಲ್ಲಿ ಮಾತ್ರ ಹೇಳಿದೆಯಾ? ತನ್ನವರ ಮುಂದೆ ಹೇಳುವುದಕ್ಕೆ ಬೆಲೆ ತೆರಬೇಕಾಗುತ್ತದೆ, ಬೆಲೆ ತೆತ್ತು ಆಡಿದ ಮಾತಿಗೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಇನ್ನೊಂದು, ತಮ್ಮ ವಿರುದ್ಧ ತೀರ್ಪು ಬಂದ ದಿನ ಕೋರ್ಟ್ ಬಗ್ಗೆ ಏನು ಹೇಳುತ್ತಾರೆ ಅಂತ ಗಮನಿಸಿ. ತೆರಿಗೆ, ಯೂರೋ, ಪಿಂಚಣಿ ವಿಷಯದಲ್ಲಿ ಮೆದುವಾಗಿ, ಕೋರ್ಟ್ ವಿಷಯದಲ್ಲಿ ಮಾತ್ರ ಕಟುವಾಗುತ್ತಿದ್ದರೆ ಅದನ್ನು ಮೆದುವಾಗುವಿಕೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮತದಾರರು ಶಿಕ್ಷಿಸುತ್ತಾರಾ ಅಂತಲೂ ಕೇಳಿದ್ದೀರಿ. ಕೆಲವೊಮ್ಮೆ ಬಹಳ ಕಠಿಣವಾಗಿ. ಆಸ್ಟ್ರಿಯಾದ ಫ್ರೀಡಂ ಪಾರ್ಟಿ 1999ರಲ್ಲಿ ಶೇ 26.9 ಮತ ಪಡೆದು 2000ದಲ್ಲಿ ಸರ್ಕಾರ ಸೇರಿತು. ಸೇರುವ ಮೊದಲು ಅದರ ನಾಯಕ ಯೋರ್ಗ್ ಹೈಡರ್ ರಾಷ್ಟ್ರಪತಿಯ ಒತ್ತಾಯದ ಮೇಲೆ ಪ್ರಜಾಪ್ರಭುತ್ವದ ಮೌಲ್ಯಗಳ ಘೋಷಣೆಗೆ ಸಹಿ ಹಾಕಬೇಕಾಯಿತು. ಸಚಿವರು ಒಂದು ಮಾತು, ಹೊರಗಿದ್ದ ಹೈಡರ್ ಇನ್ನೊಂದು ಮಾತು ಆಡಿ ಪಕ್ಷದೊಳಗೇ ಬಿರುಕು ಬಿಟ್ಟಿತು. 2002ರಲ್ಲಿ ಮತ ಶೇ 10ಕ್ಕೆ ಕುಸಿಯಿತು. ಫೈವ್ ಸ್ಟಾರ್ 2018ರಲ್ಲಿ ಶೇ 32.7 ಇದ್ದದ್ದು 2022ರಲ್ಲಿ ಶೇ 15ರ ಹತ್ತಿರ ಬಂತು. ವಿಲ್ಡರ್ಸ್ ಪಕ್ಷ 2025ರ ಅಕ್ಟೋಬರ್‌ನಲ್ಲಿ 37ರಿಂದ 26 ಸ್ಥಾನಕ್ಕೆ ಇಳಿಯಿತು. ಆದರೆ ಸಿಪ್ರಾಸ್ ಶರಣಾದ ಎರಡೇ ತಿಂಗಳಲ್ಲಿ ಶೇ 35.5 ಮತದೊಂದಿಗೆ ಮತ್ತೆ ಗೆದ್ದರು, ಅವರನ್ನು ದ್ರೋಹಿ ಎಂದು ಬಿಟ್ಟುಹೋದವರ ಹೊಸ ಪಕ್ಷ ಸಂಸತ್ತಿಗೇ ಬರಲಿಲ್ಲ. ಮೆಲೋನಿ ಪಕ್ಷಕ್ಕೆ 2024ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಮೊದಲಿಗಿಂತ ಜಾಸ್ತಿ, ಶೇ 28.8 ಮತ ಬಂತು.

ಫಿನ್ಲೆಂಡ್‌ನಲ್ಲಿ ಇದರ ಎರಡೂ ಬದಿ ಒಂದೇ ಪಕ್ಷದಲ್ಲಿ ಕಾಣುತ್ತವೆ. ಟಿಮೋ ಸೋಯ್ನಿ ನಾಯಕತ್ವದ ಫಿನ್ಸ್ ಪಾರ್ಟಿ 2011ರಲ್ಲಿ 5 ಸ್ಥಾನದಿಂದ 39ಕ್ಕೆ ಜಿಗಿದರೂ, ಪೋರ್ಚುಗಲ್‌ಗೆ ಕೊಡುವ ಸಾಲವನ್ನು ಒಪ್ಪಲಾರೆವು ಅಂತ ಸರ್ಕಾರದಿಂದ ಹೊರಗೇ ಉಳಿಯಿತು. 2015ರಲ್ಲಿ ಸರ್ಕಾರ ಸೇರಿತು, ಸೋಯ್ನಿ ವಿದೇಶಾಂಗ ಸಚಿವರಾದರು, ಕೆಲವೇ ತಿಂಗಳಲ್ಲಿ ಗ್ರೀಸ್‌ನ ಮೂರನೇ ಸಾಲಕ್ಕೆ ಒಪ್ಪಿಗೆ ಕೊಡಬೇಕಾಯಿತು. ಕಾರ್ಯಕರ್ತರು ಸುಮ್ನೆ ಇರಲಿಲ್ಲ. 2017ರ ಜೂನ್‌ನಲ್ಲಿ ಅವರು ಕಟು ಮಾತಿನ ಯುಸ್ಸಿ ಹಲ್ಲಾ-ಅಹೋ ಅವರನ್ನು ನಾಯಕರನ್ನಾಗಿ ಆರಿಸಿದರು. ಸಚಿವರು ಪಕ್ಷ ಬಿಟ್ಟು ಬ್ಲೂ ರಿಫಾರ್ಮ್ ಎಂಬ ಬೇರೆ ಪಕ್ಷ ಕಟ್ಟಿ ಸರ್ಕಾರದಲ್ಲೇ ಉಳಿದರು. 2019ರ ಚುನಾವಣೆಯಲ್ಲಿ ಸರ್ಕಾರದಲ್ಲಿ ಉಳಿದ ಮೆದು ಮಾತಿನವರಿಗೆ ಒಂದೂ ಸ್ಥಾನ ಬರಲಿಲ್ಲ, ಹೊರಗೆ ಬಂದ ಫಿನ್ಸ್ ಪಾರ್ಟಿಗೆ ಮತ್ತೆ 39 ಸ್ಥಾನ ಬಂತು. ಅದೇ ಪಕ್ಷ 2023ರಲ್ಲಿ ಮತ್ತೆ ಸರ್ಕಾರ ಸೇರಿತು. ಈ ಸಲ ಹಣಕಾಸು ಖಾತೆಯನ್ನು ಬೇರೆಯವರಿಗೆ ಬಿಡದೆ, ನಾಯಕಿ ರೀಕ್ಕಾ ಪುರಾ ಅವರೇ ತೆಗೆದುಕೊಂಡರು.